ನಿಶ್ಚಿಂತ ಕಂಪನಿಯವರು ಕಾಪಾಡಿಕೊಟ್ಟ ಒಂದೇ ಒಂದು ಅಳತೆ

ಸಪ್ತಾಪುರ, ಧಾರವಾಡ
ಮಂಗಳವಾರ (ಸೋಮವಾರ ಏಕಲ್ಲ ಎಂಬುದು ಮುಂದೆ ತಿಳಿಯುತ್ತದೆ)

ಇವರಿಗೆ,
ಮಾಲೀಕರು,
ನಿಶ್ಚಿಂತ ಕಂಪ್ಯೂಟರ್ ಕೇರ್,
ಹುಬ್ಬಳ್ಳಿ

ವಿಷಯ: ತಮ್ಮ ವಾರ್ಷಿಕ ಸೇವೆಯಿಂದ ನಮ್ಮ ಅಂಗಡಿಗೆ ಲಭಿಸಿದ ಪರಿಪೂರ್ಣ ಸ್ವಚ್ಛತೆಯ ಕುರಿತು

ಮಾನ್ಯರೇ,

ಮೊದಲಿಗೆ ಸಪ್ತಾಪುರದಿಂದ ಸವಿನಯ ನಮಸ್ಕಾರಗಳು. ತಾವು, ತಮ್ಮ ಮನೆಮಂದಿ, ತಮ್ಮ ಸಿಬ್ಬಂದಿ, ಹಾಗೂ ತಮ್ಮ ಸಹಾಯವಾಣಿಯೊಳಗೆ ಕುಳಿತು ಬೆಳಗಿನಿಂದ ಸಂಜೆಯವರೆಗೆ ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ಒಂದೇ ರಾಗದಲ್ಲಿ ಹೇಳುತ್ತಿರುವ ಆ ಕಾಣದ ಹೆಣ್ಣುಮಗಳು, ಎಲ್ಲರೂ ಕ್ಷೇಮವಾಗಿದ್ದೀರೆಂದು ನಂಬಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಆಕೆಗೆ ನನ್ನ ನೆನಪು ಖಂಡಿತ ಇರಬೇಕು. ಕಳೆದ ತಿಂಗಳು ನಾವಿಬ್ಬರೂ ಒಟ್ಟು ಏಳು ತಾಸು ಮಾತಾಡಿದ್ದೇವೆ. ಅಂದರೆ ಆಕೆ ಮಾತಾಡಿದ್ದಾಳೆ, ನಾನು ಕೇಳಿದ್ದೇನೆ.

ನಾನು ಉಮಾಶ್ರೀ. ಸಪ್ತಾಪುರದಲ್ಲಿ ‘ಲಕ್ಷಣ ಲೇಡೀಸ್ ಟೇಲರ್ಸ್’ ಎಂಬ, ಮೂರು ಹೊಲಿಗೆ ಯಂತ್ರ, ಒಂದು ಇಸ್ತ್ರಿ, ಒಂದು ಕಂಪ್ಯೂಟರು ಮತ್ತು ಒಬ್ಬ ಅತ್ತೆ ಇರುವ ಅಂಗಡಿಯನ್ನು ನಡೆಸುತ್ತೇನೆ. ಈ ವಿಷಯವನ್ನು ತಮ್ಮ ಗಮನಕ್ಕೆ ಖಾಸಗಿಯಾಗಿಯೇ ತರುವ ಸಲುವಾಗಿ ಮೂರು ಸಲ ದೂರು ದಾಖಲಿಸಿದೆ. ಮೂರು ಸಲವೂ ದೂರು ಕೊಟ್ಟ ಕಾಲು ತಾಸಿನೊಳಗೆ ‘ನಿಮ್ಮ ಸಮಸ್ಯೆ ಪರಿಹಾರವಾಗಿದೆ, ನಿಮ್ಮ ಸಂತೋಷವನ್ನು ಐದು ನಕ್ಷತ್ರಗಳಲ್ಲಿ ತಿಳಿಸಿ’ ಎಂಬ ಸಂದೇಶ ಬಂತು. ಇಷ್ಟು ಲಗೂ ಪರಿಹಾರವಾಗುವ ಸಮಸ್ಯೆಗಳು ನನ್ನ ಜೀವನದಲ್ಲಿ ಬೇರೆ ಯಾವುವೂ ಇಲ್ಲದ ಕಾರಣ, ಮತ್ತು ಬಹಿರಂಗವಾಗಿ ಬರೆದ ಕಾಗದಕ್ಕೆ ‘ಪರಿಹಾರವಾಗಿದೆ’ ಎಂದು ಒತ್ತುವ ಗುಂಡಿ ಇರುವುದಿಲ್ಲವಾದ ಕಾರಣ, ಹೀಗೆ ಬರೆಯಬೇಕಾಯಿತು. ಅನ್ಯಥಾ ಭಾವಿಸಬಾರದು. ಭಾವಿಸಿದರೂ ನನ್ನದೇನೂ ಅಡ್ಡಿಯಿಲ್ಲ.

ನಮ್ಮ ಕಂಪ್ಯೂಟರು ಕೆಲವು ದಿನಗಳಿಂದ ನಿಧಾನವಾಗಿತ್ತು. ಬೆಳಿಗ್ಗೆ ಗುಂಡಿ ಒತ್ತಿ, ಕಸ ಹೊಡೆದು, ಬಾಗಿಲಿಗೆ ನೀರು ಹಾಕಿ, ದೀಪ ಹಚ್ಚಿ ಬಂದರೂ ಅದಿನ್ನೂ ಆಕಳಿಸುತ್ತಾ ಏಳುತ್ತಿತ್ತು. ತಾವು ತಮ್ಮ ಹಿರಿಯ ಎಂಜಿನಿಯರರಾದ ಏಕನಾಥ ಅವರನ್ನು ಕಳಿಸಿಕೊಟ್ಟಿರಿ. ಐವತ್ತರ ಆಸುಪಾಸಿನ, ಎದೆಯ ಕಿಸೆಯಲ್ಲಿ ಸ್ಕ್ರೂಡ್ರೈವರು, ಬಾಯಲ್ಲಿ ಸಮಾಧಾನ ಇಟ್ಟುಕೊಂಡೇ ಓಡಾಡುವ ಸಜ್ಜನರು. ಅವರು ಕಂಪ್ಯೂಟರಿನ ಬೆನ್ನು ತಟ್ಟಿ, “ಒಮ್ಮೆ ಫಾರ್ಮ್ಯಾಟ್ ಹೊಡದಬಿಡೂಣ್ರಿ ಬಾಯಾರ, ಹೊಸಾ ಮಷೀನ್ ಓಡಿದಂಗ ಓಡತೈತಿ” ಎಂದರು. ಫಾರ್ಮ್ಯಾಟ್ ಎಂದರೆ ಒಳಗಿನದನ್ನೆಲ್ಲ ಅಳಿಸಿ ಗೋಡೆಗೆ ಹೊಸ ಸುಣ್ಣ ಹಚ್ಚಿದ ಹಾಗೆ ಎಂಬಷ್ಟು ನನಗೂ ಗೊತ್ತು. “ಒಳಗಿಂದು ಏನಾಗತೈತ್ರಿ?” ಎಂದೆ. “ಬ್ಯಾಕಪ್ ಐತಲ್ರಿ! ಪ್ರತಿ ಸೋಮವಾರ ನಿಮ್ಮದೆಲ್ಲಾ ಒಂದು ನಕಲು ತಾನ ನಮ್ಮಲ್ಲಿ ಬಂದು ಕುಂಡ್ರತೈತಿ. ಏನೂ ಫಿಕರ್ ಮಾಡಬ್ಯಾಡ್ರಿ” ಎಂದರು. ನಾನು ಫಿಕರ್ ಮಾಡುವುದನ್ನು ಬಿಟ್ಟು ಚಹಾ ಮಾಡಿದೆ. ಅವರು ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ನಮ್ಮ ಕಂಪ್ಯೂಟರು ಈಗಷ್ಟೇ ಹುಟ್ಟಿದ ಕೂಸಾಗಿತ್ತು, ಹಿಂದಿನದು ಒಂದೂ ನೆನಪಿಲ್ಲ. ಖರೇ ಹೇಳುತ್ತೇನೆ, ಈಗ ಬಹಳ ಛಲೋ ಓಡುತ್ತದೆ. ಹೊತ್ತೊಯ್ಯಲು ಏನೂ ಇಲ್ಲದವರು ಓಡಲಿಕ್ಕೇ ಬೇಕಲ್ಲ.

ಒಳಗೆ ಏನಿತ್ತು ಎಂಬುದನ್ನು ತಮ್ಮ ದೂರಿನ ಅರ್ಜಿಯಲ್ಲಿ ‘ಇತರೆ’ ಎಂದು ಗುರುತು ಮಾಡಬೇಕಾಯಿತು, ಏಕೆಂದರೆ ಅಲ್ಲಿ ಫೋಟೋ, ವಿಡಿಯೋ, ಲೆಕ್ಕಪತ್ರ ಬಿಟ್ಟರೆ ನಾಲ್ಕನೆಯ ಮನೆ ಅದೊಂದೇ ಇತ್ತು. ಇದ್ದದ್ದು ನಮ್ಮ ಗಿರಾಕಿಗಳಾದ ಸಾವಿರದ ನೂರಾ ನಲವತ್ತಮೂರು ಹೆಣ್ಣುಮಕ್ಕಳ ಅಳತೆ. ಬರೀ ಅಂಕಿಗಳಾಗಿದ್ದರೆ ಟೇಪು ಹಿಡಿದು ಮತ್ತೊಮ್ಮೆ ಅಳೆಯಬಹುದು. ಆದರೆ ಪ್ರತಿ ಹೆಸರಿನ ಮುಂದೆ ಕೊನೆಯ ಮನೆಯಲ್ಲಿ ‘ಷರಾ’ ಅಂತ ಇತ್ತು. ಆ ಷರಾ ನನ್ನದಲ್ಲ, ನಮ್ಮ ಗುಲಾಬಸಾಬರದು.

ಗುಲಾಬಸಾಬರು ನಮ್ಮಲ್ಲಿ ನಲವತ್ತು ವರ್ಷ ಕಟಿಂಗ್ ಮಾಸ್ತರರಾಗಿದ್ದವರು. ಅಳತೆ ತೆಗೆಯುವುದು ಮೊದಲು ನಮ್ಮತ್ತೆ, ಆಮೇಲೆ ನಾನು. ಬಟ್ಟೆ ಕತ್ತರಿಸುವುದು ಅವರು. ಗಿರಾಕಿಯ ಕಡೆಗೆ ಕಣ್ಣೆತ್ತಿ ಸರಿಯಾಗಿ ನೋಡಿದವರೂ ಅಲ್ಲ. ಆದರೆ ತೊಟ್ಟು ಬಿಟ್ಟ ಒಂದು ಬ್ಲೌಸ್ ಕೈಗೆ ಸಿಕ್ಕರೆ ಸಾಕು, ಎಲ್ಲಿ ಸುಕ್ಕು ಬಿದ್ದಿದೆ, ಎಲ್ಲಿ ಹೊಲಿಗೆ ಎಳೆದಿದೆ ಎಂಬುದನ್ನು ನೋಡಿಯೇ ಆಕೆಯ ಮೈಯ ಕಥೆಯನ್ನೆಲ್ಲ ಓದಿಬಿಡುತ್ತಿದ್ದರು. ಓದಿದ್ದನ್ನು ಯಾರಿಗೂ ಹೇಳುತ್ತಿರಲಿಲ್ಲ, ಕತ್ತರಿಗೆ ಮಾತ್ರ ಹೇಳುತ್ತಿದ್ದರು. ಕಳೆದ ವರ್ಷ ಕೈ ನಡುಗಲು ಶುರುವಾಗಿ, ಇನ್ನು ಸಾಕೆಂದು ಹುಬ್ಬಳ್ಳಿಯಲ್ಲಿರುವ ಮಗಳು ಆರ್ಜೂಳ ಮನೆಗೆ ಹೋಗುವ ಮುನ್ನ, ಒಂದು ಇಡೀ ಬ್ಯಾಸಿಗೆ ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತು, ತಲೆಯಲ್ಲಿದ್ದದ್ದನ್ನೆಲ್ಲ ಒಬ್ಬೊಬ್ಬರಂತೆ ಹೇಳಿ ಬರೆಸಿದರು. ಹಿಂದೆಂದೂ ಅದು ಕಾಗದದ ಮೇಲೆ ಇರಲೇ ಇಲ್ಲ. ಕಾಗದದ ಮೇಲಿದ್ದ ಅಂಕಿಗಳ ಹಳೆಯ ನೋಟಬುಕ್ಕುಗಳನ್ನು, “ಕಾಗದ ಯಾಕ್ರಿ ಇನ್ನ, ಹುಳಾ ಹತ್ತತಾವ” ಎಂಬ ಏಕನಾಥರ ಸಲಹೆಯ ಮೇರೆಗೆ ಹರಿದು, ತೋಳು ಕೊರಳುಗಳ ಪ್ಯಾಟರ್ನ್ ಕತ್ತರಿಸಲು ಬಳಸಿ ಮುಗಿಸಿದ್ದೇನೆ.

ಷರಾ ಎಂದರೆ ಎಂಥವು ಎಂದು ತಿಳಿಯಲಿ ಎಂದು ನೆನಪಿನಲ್ಲಿರುವ ಒಂದೆರಡನ್ನು, ಹೆಸರು ಬಿಟ್ಟು, ಕಾಣಿಸುತ್ತೇನೆ. “ಹೇಳೂದು ಮೂವತ್ತಾರು, ಇರೂದು ಮೂವತ್ತೆಂಟು. ಮೂವತ್ತೆಂಟಕ್ಕ ಕತ್ತರಸ್ರಿ, ಚೀಟಿ ಮ್ಯಾಲ ಮೂವತ್ತಾರ ಇರಲಿ.” “ಬಲಭುಜ ಅರ್ಧ ಇಂಚ್ ಇಳದೈತಿ, ಸಣ್ಣಾಕಿದ್ದಾಗ ಬಿದ್ದಿರಬೇಕು. ಒಳಗ ಪಟ್ಟಿ ಕೊಡ್ರಿ, ಆಕಿಗೆ ಹೇಳಬ್ಯಾಡ್ರಿ.” “ಈ ಬಾಯಿ ಬ್ಯಾಸರಾದಾಗ ತಿನ್ನತಾರ. ಶ್ರಾವಣದಾಗ ಹೊಲದ್ರ ಎರಡು ಇಂಚ್ ಒಳಗ ಬಿಡ್ರಿ, ದೀಪಾವಳಿಗೆ ಬೇಕಾಗತೈತಿ.” ಧಾರವಾಡದ ಅರ್ಧಕ್ಕರ್ಧ ಹೆಣ್ಣುಮಕ್ಕಳು ತಮ್ಮ ಎರಡೂ ಭುಜ ಸಮ ಇವೆ ಎಂದು ನಂಬಿ ತಲೆಯೆತ್ತಿ ನಡೆಯುತ್ತಿರುವುದು ಆ ಷರಾಗಳ ಮೇಲೆ. ಇನ್ನು ಮುಂದೆ ಅವರು ಕನ್ನಡಿ ನೋಡಿ ಗಾಬರಿಯಾದರೆ ಅದು ದೇವರ ತಪ್ಪಲ್ಲ, ತಮ್ಮ ಕಂಪನಿಯದು.

ಇನ್ನು ತಮ್ಮಲ್ಲಿ ಬಂದು ಕುಳಿತಿದ್ದ ನಕಲಿನ ವಿಷಯ. ಏಕನಾಥರು ಸುಣ್ಣ ಹಚ್ಚಿ ಮುಗಿಸಿ, ಬೆರಳು ಮುರಿದುಕೊಂಡು, “ಈಗ ನೋಡ್ರಿ, ಎಲ್ಲಾ ಹೊಳ್ಳಿ ಬರತೈತಿ” ಎಂದು ತಮ್ಮ ಭಂಡಾರದ ಬಾಗಿಲನ್ನು ನಮ್ಮ ಪರದೆಯ ಮೇಲೆ ತೆರೆದರು. ಭಂಡಾರದಲ್ಲಿ ಒಂದೇ ಒಂದು ಕಡತವಿತ್ತು. ಆ ಕಡತದಲ್ಲಿ ಒಂದೇ ಒಂದು ಸಾಲು. ಆ ಸಾಲಿನಲ್ಲಿ: ‘ಗಿರಾಕಿ ಸಂಖ್ಯೆ 1. ಹೆಸರು ಏಕನಾಥ. ಎದೆ 42, ಸೊಂಟ 40, ಭುಜ 17.’ ನಾಲ್ಕು ವರ್ಷದ ಹಿಂದೆ ಕಂಪ್ಯೂಟರು ಕೂಡಿಸಿದ ದಿನ, ಹೇಗೆ ಬರೆಯಬೇಕು ಎಂದು ನನಗೆ ತೋರಿಸಿಕೊಡಲು ಅವರು ತಮ್ಮ ಅಂಗಿಯದೇ ಅಳತೆಯನ್ನು ಹಾಕಿ, ನಕಲು ಹೋಗುತ್ತದೋ ಇಲ್ಲವೋ ಎಂದು ಪರೀಕ್ಷೆಗಾಗಿ ಒಮ್ಮೆ ಕೈಯಾರೆ ಕಳಿಸಿದ್ದರಂತೆ. ಅದು ಹೋಗಿತ್ತು. ಆಮೇಲೆ ಏನೂ ಹೋಗಿರಲಿಲ್ಲ. ಸಾವಿರದ ನೂರಾ ನಲವತ್ತಮೂರು ಹೆಣ್ಣುಮಕ್ಕಳು ಅಳಿಸಿಹೋದ ಮೇಲೆ ಪ್ರಳಯದಲ್ಲಿ ಆಲದೆಲೆಯ ಮೇಲೆ ಉಳಿದವರು ತಮ್ಮ ಏಕನಾಥರು ಒಬ್ಬರೇ. ಆ ಮನುಷ್ಯನ ಮುಖ ಬೆವತದ್ದನ್ನು ನೋಡಿ ನನಗೂ ಪಾಪ ಅನ್ನಿಸಿತು. ಮೂರು ದಿನ ಊಟ ಬಿಟ್ಟು ಅಳಿಸಿದ್ದನ್ನು ಕೆದಕಿ ತೆಗೆಯಲು ನೋಡಿದರು, ಬರೀ ಚೂರುಪಾರು ಸಿಕ್ಕವು. ಆದ್ದರಿಂದ ನನ್ನ ಸಿಟ್ಟು ಅವರ ಮೇಲಲ್ಲ, ತಮ್ಮ ಮೇಲೆ ಎಂಬುದನ್ನು ಸ್ಪಷ್ಟಪಡಿಸುತ್ತೇನೆ.

ಏಕೆಂದರೆ ಪ್ರತಿ ತಿಂಗಳ ಒಂದನೆಯ ತಾರೀಖು ತಪ್ಪದೆ ತಮ್ಮ ಕಂಪನಿಯಿಂದ ನನಗೆ ವರದಿ ಬರುತ್ತಿತ್ತು. ಹಸಿರು ಬಣ್ಣದ ಸರಿ ಗುರುತು, ಅದರ ಕೆಳಗೆ ‘ನಿಮ್ಮ ಮಾಹಿತಿ ಸುರಕ್ಷಿತ, ನೀವು ನಿಶ್ಚಿಂತ.’ ಇನ್ನೂರಕ್ಕೂ ಹೆಚ್ಚು ಸೋಮವಾರಗಳು ಯಶಸ್ವಿ ಎಂದು ಅದರಲ್ಲಿ ಲೆಕ್ಕವಿದೆ. ಈಗ ಕೇಳಿದರೆ ಏಕನಾಥರು ನೆಲ ನೋಡುತ್ತಾ, “ರಿಪೋರ್ಟ್ ತಾನ ಹೋಗತೈತ್ರಿ ಅದು... ನಕಲು ಬಂದ್ರೂ ಹೋಗತೈತಿ, ಬರದಿದ್ರೂ ಹೋಗತೈತಿ” ಎಂದರು. ಇಂಥ ನಿಷ್ಕಾಮ ಕರ್ಮಯೋಗಿಯನ್ನು ನಾನು ಮಠಗಳಲ್ಲಿಯೂ ಕಂಡಿಲ್ಲ. ಶಿವಶಿವಾ, ಫಲದ ಅಪೇಕ್ಷೆಯೂ ಇಲ್ಲ, ಕೆಲಸದ ಅಪೇಕ್ಷೆಯೂ ಇಲ್ಲ, ವರದಿ ಮಾತ್ರ ತಪ್ಪುವುದಿಲ್ಲ.

ಈ ಹಂತದಲ್ಲಿ ನಮ್ಮ ಕಡೆಯ ಒಂದು ಸಂಗತಿಯನ್ನು ಮುಚ್ಚಿಟ್ಟರೆ ಬಸವಣ್ಣ ಮೆಚ್ಚುವುದಿಲ್ಲ. ನಮ್ಮದು ಮೂಲತಃ ಹೆಬ್ಬಳ್ಳಿಯ ಒಕ್ಕಲುತನದ ಮನೆ. ನಮ್ಮತ್ತೆ ಮುರಿಗೆವ್ವ ಹೊಲ ಬಿಟ್ಟು ಧಾರವಾಡಕ್ಕೆ ಬಂದು ಹೊಲಿಗೆ ಹಿಡಿದು ನಲವತ್ತೈದು ವರ್ಷವಾದರೂ, ಸೋಮವಾರ ಎತ್ತಿಗೆ ನೊಗ ಹೂಡಬಾರದು ಎಂಬ ನೇಮವನ್ನು ಬಿಟ್ಟವರಲ್ಲ. ಎತ್ತು ಇಲ್ಲದ್ದರಿಂದ ನೇಮ ಯಂತ್ರಗಳಿಗೆ ಬಂದಿದೆ. ರವಿವಾರ ಸಂಜೆ ಹೊಲಿಗೆ ಯಂತ್ರಕ್ಕೆ, ಇಸ್ತ್ರಿಗೆ, ಕಂಪ್ಯೂಟರಿಗೆ ಒಂದೊಂದು ಬೊಟ್ಟು ವಿಭೂತಿ ಹಚ್ಚಿ, ಒಂದೊಂದರದೇ ಪಿನ್ನು ಕಿತ್ತು, ವೈರನ್ನು ಸುತ್ತಿ ಮೇಲಿಡುತ್ತಾರೆ. ಮಂಗಳವಾರ ಬೆಳಿಗ್ಗೆಯವರೆಗೆ ಯಾರೂ ಮುಟ್ಟುವಂತಿಲ್ಲ. “ಎತ್ತಿಗೆ ಬಾಯಿಲ್ಲ, ನೊಗಾ ಇಳಸ್ರಿ ಅಂತ ಕೇಳಂಗಿಲ್ಲ. ಈ ಮಷೀನಿಗೆ ಬಾಯಿ ಐತೇನ? ದುಡಿಯೂ ಜೀವಕ್ಕ ನಾವ ನೆನಪಿಟ್ಟು ಬಿಡುವು ಕೊಡಬೇಕು” ಎನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ಏಕನಾಥರು, “ಬಾಯಾರ, ವಾರದಾಗ ಯಾವ ದಿನಾ ಮಷೀನ್ ಮ್ಯಾಲ ಕೆಲಸಾ ಇರೂದಿಲ್ರಿ? ಆ ದಿನಾ ನಕಲು ಇಡತೇನಿ” ಎಂದು ಕೇಳಿದರು. ನಾನು ಸೋಮವಾರ ಎಂದೆ. ಅವರು ಸೋಮವಾರ ಎಂದು ಬರೆದುಕೊಂಡರು. ಆ ದಿನ ಪಿನ್ನೇ ಇರುವುದಿಲ್ಲ ಎಂದು ನಾನು ಹೇಳಲಿಲ್ಲ, ಅವರು ಕೇಳಲಿಲ್ಲ. ಇಬ್ಬರ ಬುದ್ಧಿಯೂ ಆ ದಿನ ಸೋಮವಾರದ ರಜೆಯಲ್ಲಿತ್ತು.

ಹಾಗಾದರೆ ತಪ್ಪು ನಿಮ್ಮದೇ ಆಯಿತಲ್ಲ ಎಂದು ತಾವು ಈಗ ಕುರ್ಚಿಯಲ್ಲಿ ಹಿಂದಕ್ಕೆ ಒರಗಿರಬಹುದು. ದಯವಿಟ್ಟು ಮುಂದಕ್ಕೆ ಬರಬೇಕು. ನನ್ನ ಪಾಲಿನ ತಪ್ಪನ್ನು ನಾನು ತಲೆ ಬಾಗಿಸಿ ಒಪ್ಪಿಕೊಂಡಿದ್ದೇನೆ. ಆದರೆ ಪಿನ್ನು ಕಿತ್ತು, ವೈರು ಸುತ್ತಿ, ಇಬತ್ತಿ ಹಚ್ಚಿ ಮಲಗಿಸಿದ ಯಂತ್ರದಿಂದ ಇನ್ನೂರು ಸಲ ಯಶಸ್ವಿಯಾಗಿ ನಕಲು ತರಿಸಿಕೊಂಡೆವು ಎಂದು ವರದಿ ಕೊಟ್ಟವರು ತಾವು. ಒಂದೇ ಒಂದು ತಿಂಗಳು ಹಸಿರು ಗುರುತಿನ ಜಾಗದಲ್ಲಿ ಕೆಂಪು ಗುರುತು ಬಂದಿದ್ದರೆ ನಾನು ಫೋನು ಮಾಡುತ್ತಿದ್ದೆ, ಅಥವಾ ಕಡೇಪಕ್ಷ ನಮ್ಮತ್ತೆಯ ಜೊತೆ ಜಗಳವನ್ನಾದರೂ ಮಾಡುತ್ತಿದ್ದೆ. ಈ ಮಾತನ್ನು ನಮ್ಮತ್ತೆಯ ಮುಂದೆ ಇಟ್ಟಾಗ ಅವರು ಎಲೆಗೆ ಸುಣ್ಣ ಸವರುತ್ತಾ, “ಸ್ವಾಮಾರ ನಾ ಪಿನ್ ಕಿತ್ತೇನಿ, ಖರೇ. ಉಳದ ಆರು ದಿನಾ ಏನ್ ಕಡದು ಕಟ್ಟಿ ಹಾಕಾಕತ್ತಿತ್ತು ಅವರ ಕಂಪನಿ?” ಎಂದು ಕೇಳಿದರು. ಈ ಪ್ರಶ್ನೆಯನ್ನು ಹಾಗೆಯೇ ತಮಗೆ ರವಾನಿಸಿದ್ದೇನೆ.

ಆಮೇಲೆ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕರೆದು ಮತ್ತೆ ಅಳೆಯಲು ಶುರು ಮಾಡಿದೆ. ಅಯ್ಯೋ ದೇವರೇ, ಆ ಪಾಡು ಬೇಡ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಟೇಪನ್ನು ಮೈಗೆ ಮುಟ್ಟಿಸಿಕೊಳ್ಳಲೇ ಇಲ್ಲ. “ಮೂವತ್ತನಾಲ್ಕು ಅಂತ ನಿಮ್ಮ ಕಂಪ್ಯೂಟರಿನಾಗ ಇತ್ತಲ್ಲ, ಅದನ್ನ ಹಾಕ್ರಿ, ನಂದೇನ ಬದಲಾಗಿಲ್ಲ” ಎಂದು ಹಟ ಹಿಡಿದರು. ಟೇಪು ನಲವತ್ತನ್ನು ತೋರಿಸುತ್ತಿದೆ, ಅವರು ನನ್ನನ್ನು ತೋರಿಸುತ್ತಿದ್ದಾರೆ. ಇನ್ನೊಬ್ಬರು, “ಹಂಗಾರ ನನ್ನ ಅಳತಿ ಈಗ ಯಾರ ಕೈಯಾಗೈತಿ? ಇಂಟರ್ನೆಟ್ಟಿನಾಗ ಬಂದೈತೇನ?” ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನಾನು, “ತಂಗಿ, ಇಂಟರ್ನೆಟ್ಟಿನಾಗ ಬಂದಿದ್ರ ನಾ ಅಲ್ಲಿಂದರ ಬರಕೋತಿದ್ದೆ” ಎಂದು ಸಮಾಧಾನ ಮಾಡಿ ಕಳಿಸಿದೆ. ಈ ಕೆಲಸಕ್ಕೆ ತಾವೇ ಖುದ್ದಾಗಿ ಬಂದು ನಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಬರುವ ಪ್ರತಿಯೊಬ್ಬ ಹೆಣ್ಣುಮಗಳಿಗೂ ‘ತಾಯಿ, ತಮ್ಮ ಸೊಂಟ ಹೆಚ್ಚಾದದ್ದಕ್ಕೆ ನಮ್ಮ ಕಂಪನಿಯೇ ಜವಾಬ್ದಾರಿ’ ಎಂದು ಕೈಮುಗಿದು ಹೇಳಬೇಕೆಂದು ಕೋರುತ್ತೇನೆ. ಹಾಗೆಯೇ, ಕರೆಂಟಿಲ್ಲದೆ ಇನ್ನೂರು ವಾರ ಕೆಲಸ ಮಾಡಿದ ತಮ್ಮ ಆ ಗುಪ್ತವಿದ್ಯೆಯನ್ನು ವಿದ್ಯುತ್ ಇಲಾಖೆಗೆ ಧಾರೆಯೆರೆದರೆ ನಾಡಿನ ಕತ್ತಲೆಯೇ ನೀಗೀತು.

ಇಷ್ಟರವರೆಗಿನದನ್ನು ತಾವು ನಕ್ಕು ಬದಿಗಿಟ್ಟರೂ ನಡೆದೀತು. ಇನ್ನು ಮುಂದೆ ಹೇಳುವುದಕ್ಕೆ ನಗಬಾರದು.

ನಮ್ಮ ಗಿರಾಕಿಗಳಲ್ಲಿ ಒಬ್ಬರಿದ್ದಾರೆ. ಅಕ್ಕೋರು ಎಂದಷ್ಟೇ ಕರೆಯುತ್ತೇನೆ. ಸಂಗೀತ ಹೇಳಿಕೊಟ್ಟವರು, ಅರವತ್ತು ದಾಟಿದವರು. ಹೆಸರು ಹೇಳುವುದಿಲ್ಲ, ಧಾರವಾಡದಲ್ಲಿ ಸಂಗೀತದ ಅಕ್ಕೋರುಗಳಿಗೂ ಬರವಿಲ್ಲ, ಸನ್ಮಾನಗಳಿಗೂ ಬರವಿಲ್ಲ, ಆದ್ದರಿಂದ ಯಾರೆಂದು ಪತ್ತೆ ಹಚ್ಚಲು ಯಾರೂ ದಣಿಯಬಾರದು. ಒಂಬತ್ತು ವರ್ಷದ ಹಿಂದೆ ಅವರು ಒಂದು ಬ್ಲೌಸನ್ನು, ಒಂದು ಬದಿ ಸಡಿಲಾಗಿದೆ ಎಂದು ದುರಸ್ತಿಗೆ ತಂದುಕೊಟ್ಟರು. ಗುಲಾಬಸಾಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಏನೂ ಕೇಳದೆ, ಆ ಬದಿಗೆ ಒಳಗಿನಿಂದ ಹತ್ತಿಬಟ್ಟೆಯ ಪದರಗಳನ್ನಿಟ್ಟು, ಎರಡೂ ಕಡೆ ಒಂದೇ ಸಮ ಕೂರುವ ಹಾಗೆ ಹೊಲಿದುಕೊಟ್ಟರು. ಅಕ್ಕೋರಿಗೆ ಆಪರೇಶನ್ ಆಗಿ ಒಂದು ಎದೆಯನ್ನು ತೆಗೆದಿದ್ದರು. ಅದು ಅವರ ಮನೆಯವರಿಗೆ ಮತ್ತು ಡಾಕ್ಟರಿಗೆ ಬಿಟ್ಟರೆ, ಷರಾ ಬರೆಸುವವರೆಗೆ ಗೊತ್ತಿದ್ದದ್ದು ಗುಲಾಬಸಾಬರ ಕತ್ತರಿಗೆ ಮಾತ್ರ. ಅಂದಿನಿಂದ ಅವರು ಯಾವ ಟೇಲರಿಗೂ ಅಳತೆಗೆಂದು ಹಳೆಯ ಬ್ಲೌಸನ್ನು ಕೊಟ್ಟವರಲ್ಲ, ಏಕೆಂದರೆ ಕೈಯಲ್ಲಿ ಹಿಡಿದವರಿಗೆ ಒಳಗಿನ ಪದರ ತಿಳಿದುಬಿಡುತ್ತದೆ. ಬಟ್ಟೆಯನ್ನಷ್ಟೇ ನಮ್ಮ ಮೇಜಿನ ಮೇಲಿಟ್ಟು, “ಅಳತಿ ಹ್ಯಾಂಗೂ ನಿಮ್ಮಲ್ಲಿ ಅದ” ಎಂದು ಹೋಗುತ್ತಿದ್ದರು. ಹೌದು, ನಮ್ಮಲ್ಲಿ ಇತ್ತು.

ತಮ್ಮ ಸುಣ್ಣದ ಕೆಲಸ ಮುಗಿದ ಮರುವಾರವೇ ಅವರು ಬ್ಲೌಸಿಗೆಂದು ಗುಳೇದಗುಡ್ಡದ ಒಂದು ಖಣ ತಂದಿಟ್ಟರು. ಶಿಷ್ಯರೆಲ್ಲ ಸೇರಿ ಸನ್ಮಾನ ಮಾಡುತ್ತಿದ್ದಾರೆ, ಹದಿನೈದು ದಿನದಲ್ಲಿ ಬೇಕು ಎಂದರು. “ನಾ ಬ್ಯಾಡ ಅಂದೆ ಉಮಾ, ಕೇಳಲಿಲ್ಲ. ಸ್ಟೇಜಿನ ಮ್ಯಾಲ ಕೂಡಬೇಕು, ಹಾಡಬೇಕು. ಛಂದ ಹೊಲಿ” ಎಂದು, ಎಂದಿನಂತೆ ಅಳತೆಯ ಮಾತೆತ್ತದೆ ಹೋದರು. ಅಳತೆ ಕಳೆದಿದೆ ಎಂದು ಅವರಿಗೆ ನಾನು ಹೇಳಲಿಲ್ಲ. ಆ ಷರಾವನ್ನು ಟೈಪು ಮಾಡಿದ ಕೈ ನನ್ನದೇ. ಆದರೆ ಒಂದು ದಿನಕ್ಕೆ ಮೂವತ್ತು ಷರಾ ಒತ್ತುವ ಕೈ, ಬರೆದಿಟ್ಟಿದ್ದೇನಲ್ಲ ಎಂಬ ಧೈರ್ಯಕ್ಕೆ, ಒಂದನ್ನೂ ನೆನಪಿಟ್ಟುಕೊಳ್ಳುವುದಿಲ್ಲ.

ಮರುದಿನ ಖಣವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಹುಬ್ಬಳ್ಳಿಗೆ ಗುಲಾಬಸಾಬರಲ್ಲಿಗೆ ಹೋದೆ. ಆರ್ಜೂ ತಿನ್ನಲು ಸುಸಲಾ ಮಿರ್ಚಿ ತಂದಿಟ್ಟಳು. ನಡೆದದ್ದನ್ನೆಲ್ಲ ಹೇಳಿದೆ. ಅವರು ಖಣದ ಅಂಚನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ, “ಅಕ್ಕೋರದೇನ? ಬರಕೋ ಬೇಟಿ” ಎಂದರು. ಪದರ ಎಷ್ಟು, ಯಾವ ಬಟ್ಟೆ, ಎಷ್ಟು ಅಗಲ, ಎಲ್ಲಿ ಹೊಲಿಗೆ ಎರಡು ಸಲ, ಒಂದೊಂದನ್ನೇ ಹೇಳಿದರು. ನನಗೆ ಜೀವ ಬಂದ ಹಾಗಾಯಿತು. ಕೊನೆಗೆ ಅವರು ತಮ್ಮ ಎರಡೂ ಕೈಗಳನ್ನು ಮುಂದೆ ಹಿಡಿದು, ಒಮ್ಮೆ ಈ ಕೈ ಒಮ್ಮೆ ಆ ಕೈ ನೋಡಿದರು. “ಎಡಾನೋ ಬಲಾನೋ, ಹೊಳೀವಲ್ತು.” ಅವರ ಕಣ್ಣು ತುಂಬಿತು. “ನಲವತ್ತು ವರ್ಷ ತಲ್ಯಾಗ ಹೊತ್ತೆ, ಒಂದೂ ಮರತಿದ್ದಿಲ್ಲ. ಕಂಪ್ಯೂಟರಿಗೆ ಹೇಳೇನಲ್ಲಾ, ಇನ್ನ ನಾ ಯಾಕ ಹೊರಬೇಕು ಅಂತ ಇಳಿಸಿಬಿಟ್ಟೆ ಬೇಟಿ” ಎಂದರು. ಮಾಲೀಕರೇ, ತಮ್ಮ ಅರ್ಜಿಯಲ್ಲಿ ‘ನಷ್ಟದ ವಿವರ’ ಎಂಬ ಒಂದು ಮನೆ ಇದೆ. ಅದರಲ್ಲಿ ಈ ಮಾತನ್ನು ಬರೆದುಕೊಳ್ಳಬೇಕು.

ಉಳಿದದ್ದು ಒಂದೇ ದಾರಿ. ಅಕ್ಕೋರ ಮನೆಗೆ ಹೋದೆ. ಹೋಗಿ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಈಗಿನ ಫ್ಯಾಷನ್ನಿನ ಬಗ್ಗೆ, ಬಟ್ಟೆ ತೊಳೆದಾಗ ಕುಗ್ಗುವುದರ ಬಗ್ಗೆ, ಗುಲಾಬಸಾಬರ ಆರೋಗ್ಯದ ಬಗ್ಗೆ ಅರ್ಧ ತಾಸು ಮಾತಾಡಿದೆ. ಕೊನೆಗೆ, ಹಳೆಯದೊಂದು ಬ್ಲೌಸ್ ಇದ್ದರೆ ಕೊಡಿ, ಸುಮ್ಮನೆ ತಾಳೆ ನೋಡಲಿಕ್ಕೆ ಎಂದೆ. ಅಕ್ಕೋರು ನನ್ನನ್ನೇ ನೋಡಿದರು. “ನಿಮ್ಮಲ್ಲಿ ಬರದಿಟ್ಟೀರಿ ಅಂದಿದ್ರಲ್ಲ?” ನಾನು ಹೇಳಿದೆ. ಫಾರ್ಮ್ಯಾಟು, ಸೋಮವಾರ, ಹಸಿರು ಗುರುತು, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನಾನೇ ಅತ್ತುಬಿಟ್ಟೆ. ಅವರು ಅಳಲಿಲ್ಲ. “ಇರಲಿ ಬಿಡು. ಸನ್ಮಾನಕ್ಕ ಶಾಲು ಹೊದಸ್ತಾರಲ್ಲ, ಹೊದ್ದಕೊಂಡ ಕೂಡತೇನಿ. ಎಲ್ಲಾ ಮುಚ್ಚತದ” ಎಂದರು. ಎದ್ದು ಬಾಗಿಲ ತನಕ ಬಂದಿದ್ದೆ, ಹಿಂದಿನಿಂದ ಕರೆದರು. ಒಳಗೆ ಹೋಗಿ, ಹಳೆಯ ಪೇಪರಿನಲ್ಲಿ ಸುತ್ತಿದ ಒಂದು ಬ್ಲೌಸ್ ತಂದು, ಎರಡೂ ಕೈಯಿಂದ ನನ್ನ ಕೈಯಲ್ಲಿಟ್ಟರು. “ಒಂಬತ್ತ ವರ್ಷ ಆತು. ನಿಮ್ಮ ಮಾಸ್ತರ ಒಂದ ದಿನಾನೂ ಕೇಳಲಿಲ್ಲ, ಕೇಳಲಾರದನ ಹೊಲದ್ರು. ಈಗ ನಿನಗ ಗೊತ್ತಾತು. ಆತಲ್ಲ, ಇನ್ನ ನೀನೂ ಕೇಳಬ್ಯಾಡ” ಎಂದರು.

ಯಾವ ಕಡೆ ಎಂಬುದನ್ನು ತಮಗೆ ತಿಳಿಸುವುದಿಲ್ಲ. ತಮ್ಮಲ್ಲಿ ಯಾವುದೂ ಸುರಕ್ಷಿತವಾಗಿ ಇರುವುದಿಲ್ಲವೆಂದು ನನಗೆ ಅನುಭವವಾಗಿದೆ. ಇಷ್ಟನ್ನು ಬರೆಯಲು ಅಕ್ಕೋರ ಅಪ್ಪಣೆ ಪಡೆದಿದ್ದೇನೆ. “ಹೆಸರೊಂದು ಬ್ಯಾಡ, ಉಳದದ್ದು ಬರಿ, ಅವರಿಗೂ ಗೊತ್ತಾಗಲಿ” ಎಂದು ಹೇಳಿ, ಪತ್ರದಲ್ಲಿ ಸಿಟ್ಟು ಕಡಿಮೆಯಾಗಿದ್ದ ಎರಡು ಕಡೆ ಗುರುತು ಹಾಕಿ ಕೊಟ್ಟಿದ್ದಾರೆ.

ಹೋದ ಶನಿವಾರ ಸನ್ಮಾನವಾಯಿತು. ನಾನು, ನಮ್ಮತ್ತೆ ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದೆವು. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು, ನಾಲ್ಕು ಜನ ಅರ್ಧರ್ಧ ತಾಸು ಭಾಷಣ ಮಾಡಿದರು, ಮೈತುಂಬ ಶಾಲು ಹೊದಿಸಿದರು. ಆಮೇಲೆ ಅಕ್ಕೋರಿಗೆ ಹಾಡಲು ಹೇಳಿದರು. ಆ ಬ್ಲೌಸನ್ನು ನಾನು ಮೂರು ಸಲ ಬಿಚ್ಚಿ ಮೂರು ಸಲ ಹೊಲಿದಿದ್ದೆ, ಗುಲಾಬಸಾಬರ ಕೈ ನನ್ನದಲ್ಲ. ಅಕ್ಕೋರು ತಂಬೂರಿಯವರ ಕಡೆ ಒಮ್ಮೆ ನೋಡಿದರು. ಹೊದಿಸಿದ ಶಾಲನ್ನು ತೆಗೆದರು, ಮಡಚಿದರು, ಪಕ್ಕದ ಕುರ್ಚಿಯ ಮೇಲಿಟ್ಟರು. ಬೆನ್ನು ನೆಟ್ಟಗೆ ಮಾಡಿಕೊಂಡು ಕುಳಿತು ಹಾಡಿದರು. ನಮ್ಮತ್ತೆ ನನ್ನ ಮೊಣಕೈ ತಿವಿದು, “ಛಲೋ ಕುಂತೈತಿ ನೋಡು” ಎಂದರು.

ಈಗ ಪ್ರತಿ ಗುರುವಾರ ಇನ್ನೂರು ಪುಟದ ಒಂದು ನೋಟಬುಕ್ಕು ಹಿಡಿದು ಹುಬ್ಬಳ್ಳಿಗೆ ಹೋಗಿ ಗುಲಾಬಸಾಬರ ಪಕ್ಕ ಕುಳಿತುಕೊಳ್ಳುತ್ತೇನೆ. ಇದುವರೆಗೆ ಅರವತ್ತೊಂದು ಹೆಸರು ನೆನಪಾಗಿವೆ. ತಮ್ಮ ಒಪ್ಪಂದವನ್ನು ಮುಂದಿನ ವರ್ಷಕ್ಕೂ ನವೀಕರಿಸಿ ಎಂಬ ತಮ್ಮ ನೆನಪೋಲೆ ನಿನ್ನೆ ಬಂದಿದೆಯಂತೆ. ನಿನ್ನೆ ಸೋಮವಾರವಾದ್ದರಿಂದ ನಮ್ಮ ಕಂಪ್ಯೂಟರು ಅದನ್ನು ಸ್ವೀಕರಿಸುವ ಸ್ಥಿತಿಯಲ್ಲಿರಲಿಲ್ಲ. ಆದರೂ ಯಶಸ್ವಿಯಾಗಿ ತಲುಪಿದೆ ಎಂದು ತಾವು ವರದಿ ಬರೆದುಕೊಳ್ಳಬಹುದು.

ಇನ್ನೂ ಐದು ನಕ್ಷತ್ರ ಕೊಡದೆ ಉಳಿದಿರುವ,
ತಮ್ಮ ವಿಶ್ವಾಸಿ,
ಉಮಾಶ್ರೀ
ಲಕ್ಷಣ ಲೇಡೀಸ್ ಟೇಲರ್ಸ್, ಸಪ್ತಾಪುರ

ತಾ.ಕ.: ಈ ಪತ್ರದ ಜೊತೆ ಒಂದು ಬ್ಲೌಸನ್ನು ಕಳಿಸಿದ್ದೇನೆ. ತಮ್ಮ ಕಂಪನಿಯು ನಾಲ್ಕು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ ಆ ಒಂದೇ ಅಳತೆಗೆ, ಎದೆ 42, ಸೊಂಟ 40, ಭುಜ 17ಕ್ಕೆ, ಅಂಥದೇ ಗುಳೇದಗುಡ್ಡದ ಖಣದಲ್ಲಿ ಹೊಲಿದದ್ದು. ಬೆನ್ನಿಗೆ ಹುಕ್ಕು, ಕೊರಳಿಗೆ ಲಾಡಿ, ಲಾಡಿಗೆ ಗೊಂಡೆ. ಏಕನಾಥರಿಗೆ ಕೊಡಬೇಡಿ, ಅವರು ಸಾಕಷ್ಟು ಅನುಭವಿಸಿದ್ದಾರೆ. ಮುಂದಿನ ತಿಂಗಳ ಒಂದನೆಯ ತಾರೀಖು ಹಸಿರು ಗುರುತಿನ ವರದಿಗೆ ಸಹಿ ಹಾಕುವಾಗ ತಾವೇ ಧರಿಸಬೇಕು. ಎಲ್ಲಾದರೂ ಬಿಗಿಯಾದರೆ ಸೋಮವಾರ ಬಿಟ್ಟು ಯಾವ ದಿನವಾದರೂ ಬನ್ನಿ. ತಮ್ಮ ಷರಾವನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದೇನೆ.